ಹೊಸ ನೌಕೆ, ಹೊಸ ಬೋಗಿ, ಹಳೆಯ ಪ್ರಯಾಣಿಕ

ಜನರನ್ನು ಹೊತ್ತೊಯ್ಯುವ ಸಂಸ್ಥೆಯೊಂದು, ಅದು ಸಮುದ್ರದ ಮೇಲಿನ ಹಡಗಿನ ಕಂಪನಿಯಾಗಲಿ, ಹಳಿಯ ಮೇಲಿನ ರೈಲ್ವೆಯಾಗಲಿ, ರಸ್ತೆಯ ಮೇಲಿನ ಸಾರಿಗೆ ನಿಗಮವಾಗಲಿ, ತನ್ನ ಜೀರ್ಣವಾದ ವಾಹನಗಳನ್ನು ತೆಗೆದುಹಾಕಿ ಹೊಸವನ್ನು ತಂದು ನಿಲ್ಲಿಸಿದಾಗ, ಆ ಹಳೆಯ ವಾಹನಗಳಲ್ಲಿಯೇ ವರ್ಷಾನುವರ್ಷ ಸಂಚರಿಸಿ ಅವುಗಳ ಗುಣದೋಷಗಳನ್ನೆಲ್ಲ ತಮ್ಮ ಮೈಯಿಂದಲೇ ಅರಿತ ಪ್ರಯಾಣಿಕರು ಆ ಬದಲಾವಣೆಯನ್ನು ಹೇಗೆ ಸ್ವೀಕರಿಸುತ್ತಾರೆ, ಅವರ ಸಮಾಧಾನಕ್ಕೂ ಅಸಮಾಧಾನಕ್ಕೂ ಕಾರಣವೇನು, ಸಂಸ್ಥೆಯು ಅವರ ಮಾತಿಗೆ ಎಷ್ಟರ ಮಟ್ಟಿಗೆ ಕಿವಿಗೊಡಬೇಕು, ಎಂಬುದು ಈಚಿನ ವರ್ಷಗಳಲ್ಲಿ ಬಳ್ಳಾರಿ ಸೀಮೆಯ ನಾವು ಪರ್ಯಾಲೋಚಿಸಲೇಬೇಕಾದ ಪ್ರಶ್ನೆಯಾಗಿ ಪರಿಣಮಿಸಿದೆ. ಕಡಲು ನಮಗೆ ದೂರ. 1800ರಲ್ಲಿ ನಿಜಾಮನ ಕೈಯಿಂದ ಕಂಪನಿ ಸರ್ಕಾರಕ್ಕೆ ಬಂದ ಈ ನಾಡಿನಲ್ಲಿ ದಂಡು ಬೀಡುಬಿಟ್ಟ ಕಾರಣದಿಂದ ಬೆಳೆದ ಕಂಟೋನ್ಮೆಂಟಿನ ನಿವಾಸಿಗಳಿಗೆ ಹಡಗೆಂಬುದು ಚಿತ್ರಪಟದ ವಸ್ತುವಾದರೂ, ಕಂಟೋನ್ಮೆಂಟ್ ರೈಲು ನಿಲ್ದಾಣವೂ ಊರಿನ ಬಸ್ ನಿಲ್ದಾಣವೂ ನಿತ್ಯದ ಅನುಭವದಲ್ಲಿ ಬೆರೆತುಹೋದವು. ಆ ಎರಡು ಕಡೆಯೂ ಇಂದು ಹಳೆಯದು ಹೋಗಿ ಹೊಸದು ಬರುತ್ತಿದೆ.

ಆದರೂ ವಿಚಾರವನ್ನು ಹಡಗಿನಿಂದಲೇ ಆರಂಭಿಸುವುದು ಯುಕ್ತ. ಏಕೆಂದರೆ ವಾಹನದ ಮೇಲೆ ಪ್ರಯಾಣಿಕನಿಗೆ ಹುಟ್ಟುವ ಮಮತೆಯು ಶುದ್ಧರೂಪದಲ್ಲಿ ಕಾಣಸಿಗುವುದು ಅಲ್ಲಿಯೇ. ರೈಲು, ಬಸ್ಸುಗಳನ್ನು ಮನುಷ್ಯನು ಊರು ಸೇರುವುದಕ್ಕಾಗಿ ಹತ್ತುತ್ತಾನೆ. ವಿಹಾರದ ಹಡಗನ್ನು ಆ ಹಡಗಿನಲ್ಲಿ ಇರುವುದಕ್ಕಾಗಿಯೇ ಹತ್ತುತ್ತಾನೆ. ಅಟ್ಲಾಂಟಿಕ್ ಸಾಗರವನ್ನು ದಾಟಿಸುತ್ತಿದ್ದ ಬ್ರಿಟನ್ನಿನ ಕ್ಯುನಾರ್ಡ್ ಸಂಸ್ಥೆಯು 1936ರಿಂದ ಓಡಿಸುತ್ತಿದ್ದ ‘ಕ್ವೀನ್ ಮೇರಿ’ ಹಡಗನ್ನು, ವಿಮಾನಗಳ ಸ್ಪರ್ಧೆಯನ್ನು ತಾಳಲಾರದೆ, 1967ರಲ್ಲಿ ನಿವೃತ್ತಿಗೊಳಿಸಿ ಅಮೆರಿಕದ ಲಾಂಗ್ ಬೀಚ್ ಪಟ್ಟಣಕ್ಕೆ ಮಾರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ನದಿಗೆ ಇಳಿದ ‘ಕ್ವೀನ್ ಎಲಿಜಬೆತ್ 2’ ಎಂಬ ಹೊಸ ಹಡಗು 1969ರ ಮೇ ತಿಂಗಳಲ್ಲಿ ತನ್ನ ಪ್ರಥಮ ಯಾತ್ರೆಯನ್ನು ಕೈಗೊಂಡಿತು. ಹಳೆಯ ರಾಣಿಹಡಗುಗಳಲ್ಲಿ ಮರದ ಹಲಗೆಯ ಗೋಡೆ, ಕೆತ್ತನೆ, ಮೂರು ಬೇರೆ ಬೇರೆ ದರ್ಜೆಗಳು. ಹೊಸದರಲ್ಲಿ ಲೋಹ, ಪ್ಲಾಸ್ಟಿಕ್ ಹೊದಿಕೆ, ನೇರವಾದ ಗೆರೆಗಳು, ದರ್ಜೆಗಳು ಎರಡೇ. ಹಳೆಯ ವೈಭವಕ್ಕೆ ಕಣ್ಣು ಪಳಗಿದ್ದವರಲ್ಲಿ ಹಲವರಿಗೆ ಈ ಹೊಸ ರೂಪವು ನೀರಸವಾಗಿ ತೋರಿದುದು ಸಹಜವೇ ಆಗಿತ್ತು. ಆದರೆ ಸುಮಾರು ನಲವತ್ತು ವರ್ಷ ಸೇವೆಸಲ್ಲಿಸಿ 2008ರಲ್ಲಿ ಅದೇ ಹಡಗು ದುಬೈಗೆ ಹೊರಟುನಿಂತಾಗ, ನಿಜವಾದ ಸಾಗರನೌಕೆಗಳ ಪರಂಪರೆಯೇ ಕಡಿದುಹೋಯಿತೆಂದು ಕಣ್ಣೀರು ತಂದವರು ಅಸಂಖ್ಯ. ಒಂದು ತಲೆಮಾರಿಗೆ ಪರಕೀಯವಾಗಿ ಬಂದುದು ಮುಂದಿನ ತಲೆಮಾರಿಗೆ ಆತ್ಮೀಯವಾಗಿ ಹೋಗುವುದೆಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಲ್ಲವಾದರೆ ಹಳಬರ ಅಸಮಾಧಾನವನ್ನು ನಾವು ಅತಿಯಾಗಿ ಎಣಿಸುವ ಅಪಾಯವಿದೆ.

ಫ್ರಾನ್ಸಿನ ಹೆಮ್ಮೆಯೆನಿಸಿ 1962ರಲ್ಲಿ ಯಾನವನ್ನಾರಂಭಿಸಿದ ‘ಫ್ರಾನ್ಸ್’ ಎಂಬ ಹಡಗಿನ ಚರಿತ್ರೆಯು ಇನ್ನೂ ಬೋಧಪ್ರದವಾದುದು. 1974ರಲ್ಲಿ ಸರ್ಕಾರದ ನೆರವು ನಿಂತುದರಿಂದ ಮೂಲೆಗೆ ಬಿದ್ದ ಅದನ್ನು 1979ರಲ್ಲಿ ನಾರ್ವೆಯ ಕಂಪನಿಯೊಂದು ಕೊಂಡು, ‘ನಾರ್ವೆ’ ಎಂದು ಹೆಸರಿಟ್ಟು, ಮರುವರ್ಷ ಕೆರಿಬಿಯನ್ ಸಮುದ್ರದ ವಿಹಾರಕ್ಕೆ ಬಿಟ್ಟಿತು. ಶೀಘ್ರಯಾನಕ್ಕೆ ನಿರ್ಮಿಸಿದ ನೌಕೆಯು ನಿಧಾನವಿಹಾರದ ನೌಕೆಯಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿ, ಪ್ರತಿವರ್ಷವೂ ಅದನ್ನೇ ಅರಸಿ ಬರತಕ್ಕ ಭಕ್ತಸಮುದಾಯವನ್ನು ಸಂಪಾದಿಸಿತು. 2003ರಲ್ಲಿ ಮಯಾಮಿ ಬಂದರಿನಲ್ಲಿ ಅದರ ಬಾಯ್ಲರ್ ಸಿಡಿದು ಸಿಬ್ಬಂದಿಯವರು ಮೃತರಾದ ಮೇಲೆ ಅದು ಪ್ರಯಾಣಿಕರನ್ನು ಹೊರಲಿಲ್ಲ. 2006ರಲ್ಲಿ ‘ಬ್ಲೂ ಲೇಡಿ’ ಎಂಬ ಕೊನೆಯ ಹೆಸರನ್ನು ಹೊತ್ತು ನಮ್ಮದೇ ದೇಶದ ಗುಜರಾತಿನ ಅಲಂಗ್ ತೀರಕ್ಕೆ ಬಂದು, ಒಡಲೊಳಗಿನ ಕಲ್ನಾರಿನ ವಿಷದ ವಿಚಾರವಾಗಿ ಸುಪ್ರೀಂ ಕೋರ್ಟಿನವರೆಗೆ ವಾದವಿವಾದವನ್ನೆಬ್ಬಿಸಿ, ಕೊನೆಗೆ ತುಂಡುತುಂಡಾಯಿತು. ಯಾತ್ರಿಕರ ಪ್ರೀತಿಯು ಎಷ್ಟೇ ಗಾಢವಾಗಿದ್ದರೂ ಹಳೆಯ ಬಾಯ್ಲರಿನ ಉಕ್ಕನ್ನು ಅದು ಗಟ್ಟಿಮಾಡಲಾರದು. ಆ ಬಾಯ್ಲರಿನ ಪಕ್ಕದಲ್ಲಿ ನಿಂತು ದುಡಿಯುವವನ ಪ್ರಾಣವು ವಿಹಾರಿಯ ನೆನಪಿಗಿಂತ ದೊಡ್ಡದು. ಅಂತರರಾಷ್ಟ್ರೀಯ ಸುರಕ್ಷಾ ನಿಯಮಗಳು 2010ರ ಅಕ್ಟೋಬರಿನಿಂದ ಹೊತ್ತಿಕೊಳ್ಳುವ ಸಾಮಗ್ರಿಯಿಂದ ರಚಿತವಾದ ಪ್ರಯಾಣಿಕ ಹಡಗುಗಳಿಗೆ ಅವಕಾಶವನ್ನು ನಿರಾಕರಿಸಿದಾಗ, ಮರದ ಒಳಾಂಗಣಗಳಿಂದ ಮನೋಹರವಾಗಿದ್ದ ಎಷ್ಟೋ ಹಳೆಯ ನೌಕೆಗಳು ಕಣ್ಮರೆಯಾದವು. ಇದಕ್ಕಾಗಿ ವಿಷಾದಿಸಬಹುದೇ ಹೊರತು ಆಕ್ಷೇಪಿಸಲಾಗದು.

ಆದರೆ ಹೊಸ ನೌಕೆಗಳು ಬರುವುದು ಸುರಕ್ಷತೆಯ ಕಾರಣದಿಂದ ಮಾತ್ರವಲ್ಲ. 2024ರ ಜನವರಿಯಲ್ಲಿ ಪ್ರಥಮಯಾತ್ರೆಗೈದ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗು ಸುಮಾರು ಎರಡೂವರೆ ಲಕ್ಷ ಟನ್ನಿನದು. ಅಂದರೆ ಟೈಟಾನಿಕ್ಕಿನ ಐದು ಪಟ್ಟಿಗಿಂತ ಅಧಿಕ. ಅದರಲ್ಲಿ ಏಳು ಸಾವಿರಕ್ಕೂ ಮೇಲ್ಪಟ್ಟು ಪ್ರಯಾಣಿಕರಿಗೆ ಸ್ಥಳವಿದೆ. ಹಡಗು ಹಿರಿದಾದಷ್ಟೂ ತಲಾ ವೆಚ್ಚವು ಕಿರಿದಾಗುತ್ತದೆಂಬ ಲೆಕ್ಕವೇ ಈ ಬೃಹತ್ತಿಗೆ ಮೂಲ. ಹಳೆಯ ಯಾತ್ರಿಕರು ಇದಕ್ಕೆ ಹೇಳುವ ಆಕ್ಷೇಪಗಳನ್ನು ಸಮಾಧಾನದಿಂದ ಕೇಳಿದರೆ ಅವು ಕೇವಲ ಹಂಬಲದ ಮಾತುಗಳಲ್ಲವೆಂಬುದು ವಿಶದವಾಗುತ್ತದೆ: ಸಮುದ್ರವನ್ನು ನೋಡುತ್ತ ಹಡಗಿನ ಸುತ್ತ ನಡೆದಾಡುವ ವಿಶಾಲವಾದ ಮೊಗಸಾಲೆಯು ಕಿರಿದಾಯಿತು, ಮೊದಲು ಟಿಕೆಟ್ಟಿನಲ್ಲಿಯೇ ಸೇರಿದ್ದ ಊಟೋಪಚಾರಗಳಲ್ಲಿ ಕೆಲವಕ್ಕೆ ಬೇರೆ ಹಣ, ಮೂರು ದರ್ಜೆಗಳನ್ನು ಎರಡಕ್ಕಿಳಿಸಿ ಹೆಮ್ಮೆಪಟ್ಟ ಉದ್ಯಮವೇ ಈಗ ಹಡಗಿನೊಳಗೊಂದು ಹಡಗೆಂಬಂತೆ, ಶ್ರೀಮಂತರಿಗೆ ಮಾತ್ರ ಪ್ರವೇಶವಿರುವ ಪ್ರತ್ಯೇಕ ಭಾಗಗಳನ್ನು ಮರಳಿ ಕಟ್ಟುತ್ತಿದೆ. ಈ ಕೊನೆಯ ಮಾತು ನಮ್ಮ ರೈಲಿನ ವಿಚಾರಕ್ಕೆ ನೇರವಾಗಿ ಅನ್ವಯಿಸತಕ್ಕದ್ದು. ಒಂದನ್ನು ಮಾತ್ರ ಆ ಕಂಪನಿಗಳ ಪರವಾಗಿ ಹೇಳಬೇಕು: ಹಳೆಯ ಯಾತ್ರಿಕನ ನಿಷ್ಠೆಗೆ ಬೆಲೆಯುಂಟೆಂಬುದನ್ನು ಅವು ಅರಿತಿವೆ. ಎಷ್ಟು ಯಾತ್ರೆ ಮಾಡಿದನೆಂಬುದನ್ನು ಎಣಿಸಿ, ಮೆಟ್ಟಿಲುಮೆಟ್ಟಿಲಾಗಿ ಗೌರವಸ್ಥಾನಗಳನ್ನು ಕೊಟ್ಟು, ರಿಯಾಯಿತಿಯನ್ನೂ ಸೌಲಭ್ಯಗಳನ್ನೂ ನೀಡುವ ಸದಸ್ಯಸಂಘಗಳನ್ನು ಅವು ನಡೆಸುತ್ತವೆ.

ಭಾರತದ ಕಡಲಿಗೆ ಈ ಉದ್ಯಮವು ಬಂದ ಬಗೆಯೂ ಗಮನಾರ್ಹ. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರಿನಲ್ಲಿ ಸಿದ್ಧವಾಗಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಿಂದ ಪಶ್ಚಿಮದ ಸಮುದ್ರಗಳಲ್ಲಿ ಸಂಚರಿಸಿ, ಅಲ್ಲಿನ ಸಮೂಹದಿಂದ ಹಳೆಯದೆಂದು ಹೊರಬಿದ್ದ ನೌಕೆಯೇ 2021ರಿಂದ ಮುಂಬಯಿಯನ್ನು ನೆಲೆಮಾಡಿಕೊಂಡ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’. ಮೊದಲ ಸಲ ಹಡಗು ಹತ್ತಿದ ನಮ್ಮವರಿಗೆ ಅದು ಹೊಚ್ಚಹೊಸ ಲೋಕ. ನವಮಂಗಳೂರು ಬಂದರಿಗೆ ವಿದೇಶೀ ವಿಹಾರನೌಕೆಗಳು ಬರುವುದುಂಟು. ಬೆಳಿಗ್ಗೆ ಇಳಿದ ಯಾತ್ರಿಕರು ಮೂಡಬಿದಿರೆ, ಕಾರ್ಕಳಗಳನ್ನು ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಕನ್ನಡನಾಡಿಗೆ ಈ ವಿಹಾರನೌಕೆಯ ಸಂಬಂಧವು ಸದ್ಯಕ್ಕೆ ಅಷ್ಟೇ.

ಇನ್ನು ನಮ್ಮ ಹಳಿಗೆ ಬರೋಣ. ಬಳ್ಳಾರಿಯ ಹಳಿಯ ಮೇಲೆ ವಾಹನಗಳ ಪರಿವರ್ತನೆಯು ಈಗ ಮೊದಲ ಸಲ ನಡೆಯುತ್ತಿರುವುದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆಯು ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಗುಂತಕಲ್ಲಿಗೆ ಬೆಸೆದುದು ಮೀಟರ್ ಗೇಜ್ ಹಳಿಯಿಂದ. ಮದರಾಸು-ಮುಂಬಯಿಯ ಹೆಬ್ಬಳಿಯನ್ನು ಹಿಡಿಯಬೇಕಾದವರು ಗುಂತಕಲ್ಲಿನಲ್ಲಿ ಗಂಟುಮೂಟೆಗಳನ್ನು ಇಳಿಸಿ, ಮಕ್ಕಳನ್ನೆಬ್ಬಿಸಿ, ಮತ್ತೊಂದು ಗಾಡಿಗೆ ಏರಬೇಕಾಗಿತ್ತು. ಆ ಸಣ್ಣ ಬೋಗಿಗಳನ್ನೂ ಹೊಗೆಬಂಡಿಯನ್ನೂ ನೆನೆದು ಮನಸ್ಸು ಮೃದುವಾಗುವ ಹಿರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ಆದರೆ ಗುಂತಕಲ್ಲಿನ ನಡುರಾತ್ರಿಯ ಆ ಗಾಡಿ ಬದಲಾವಣೆಯು ಮರಳಿ ಬರಲೆಂದು ಅವರಲ್ಲಿ ಯಾರೂ ಹಾರೈಸುವುದನ್ನು ನಾನು ಕೇಳಿಲ್ಲ. 1990ರ ದಶಕದಲ್ಲಿ ದೇಶಕ್ಕೆಲ್ಲ ಒಂದೇ ಅಳತೆಯ ಹಳಿ ಎಂಬ ಯೋಜನೆಯು ಬಂದು, ಹುಬ್ಬಳ್ಳಿಯ ಕಡೆಯ ಹಳಿಗಳೆಲ್ಲ ಬ್ರಾಡ್‌ಗೇಜಾದಾಗ, ಈ ಸೀಮೆಯ ಪ್ರಯಾಣಿಕನಿಗೆ ದೊರೆತ ಸೌಕರ್ಯವು ನಿಸ್ಸಂದಿಗ್ಧವಾದುದಾಗಿತ್ತು. ಆಗಲೂ ಕೆಲವು ಚಿಕ್ಕ ನಿಲ್ದಾಣಗಳು ಮಹತ್ತ್ವವನ್ನು ಕಳೆದುಕೊಂಡವೆಂಬುದು ನಿಜವಾದರೂ ಒಟ್ಟಿನ ತಕ್ಕಡಿಯು ಲಾಭದ ಕಡೆಗೇ ವಾಲಿತು.

ಬೋಗಿಗಳ ಕಥೆಯು ಇದಕ್ಕಿಂತ ಸೂಕ್ಷ್ಮವಾದುದು. ಮರದ ಮೈಯ ಹಳೆಯ ಬೋಗಿಗಳಿಗೆ ಬದಲಾಗಿ, ಸ್ವಿಸ್ ಕಂಪನಿಯೊಂದರ ವಿನ್ಯಾಸವನ್ನನುಸರಿಸಿ, ಪೂರ್ಣ ಉಕ್ಕಿನ ಬೋಗಿಗಳನ್ನು ಕಟ್ಟುವ ಕಾರ್ಖಾನೆಯು ಮದರಾಸಿನ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು ಪ್ರಾರಂಭವಾಯಿತು. ಆ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಬೋಗಿಯೇ ಅರುವತ್ತು ವರ್ಷಗಳ ಕಾಲ ಭಾರತೀಯನಿಗೆ ರೈಲೆಂಬುದರ ಸಾಕ್ಷಾತ್ ರೂಪವಾಗಿತ್ತು; ಕಿಟಕಿಯ ಅಡ್ಡಸರಳುಗಳು, ಮೇಲಕ್ಕೆತ್ತಿ ಸಿಕ್ಕಿಸುವ ಜಾಲರಿ ಬಾಗಿಲು, ಮೊದಲು ಇಟ್ಟಿಗೆಯ ಕೆಂಪು, ಅನಂತರ ನೀಲಿ ಬಣ್ಣ, ಇವೆಲ್ಲವೂ ನಮ್ಮ ಬಾಲ್ಯದ ಅಂಗಗಳು. ಅದರೊಳಗೂ ಒಂದು ಮಹತ್ತಾದ ಬದಲಾವಣೆಯಾಯಿತು. 1974ರಲ್ಲಿ ಮೂರನೆಯ ದರ್ಜೆಯು ರದ್ದಾದ ಮೇಲೂ ಎರಡನೆಯ ದರ್ಜೆಯ ಮಲಗುವ ಹಲಗೆಯು ಬರಿಯ ಮರದ್ದೇ ಆಗಿತ್ತು; 1977ರಿಂದ 1979ರವರೆಗೆ ರೈಲ್ವೆ ಸಚಿವರಾಗಿದ್ದ ಮಧು ದಂಡವತೆಯವರು ಆ ಹಲಗೆಗೆ ಮೆತ್ತೆಯನ್ನು ಹಾಸಿಸಿದರು. 1977ರ ಡಿಸೆಂಬರಿನಲ್ಲಿ ಮುಂಬಯಿಗೂ ಹೌರಾಕ್ಕೂ ಮಧ್ಯೆ ಅವರು ಆರಂಭಿಸಿದ ಗೀತಾಂಜಲಿ ಎಕ್ಸ್‌ಪ್ರೆಸ್ಸಿನಲ್ಲಿ ದರ್ಜೆಯ ಭೇದವೇ ಇರಲಿಲ್ಲ. ವಾಹನಗಳ ನವೀಕರಣವೆಂದರೆ ಏನಾಗಿರಬೇಕೆಂಬುದಕ್ಕೆ ಇದಕ್ಕಿಂತ ಉದಾತ್ತವಾದ ನಿದರ್ಶನವನ್ನು ನಾನರಿಯೆ: ಇದ್ದವನ ಸುಖವನ್ನು ಹೆಚ್ಚಿಸುವ ಮುನ್ನ ಇಲ್ಲದವನ ನೋವನ್ನು ಕಡಿಮೆಮಾಡಿದ ನವೀಕರಣವದು.

ಈಗ ಬಂದಿರುವುದು ಜರ್ಮನಿಯ ಲಿಂಕ್-ಹಾಫ್‌ಮನ್-ಬುಷ್ ಕಂಪನಿಯ ವಿನ್ಯಾಸ, ಜನರ ಬಾಯಲ್ಲಿ ಎಲ್‌ಎಚ್‌ಬಿ. 1995ರ ಸುಮಾರಿಗೆ ಆದ ಒಪ್ಪಂದದಿಂದ ದೇಶಕ್ಕೆ ಬಂದು, ಕಪೂರ್‌ಥಲದ ಕಾರ್ಖಾನೆಯಲ್ಲಿ ಮೊದಲು ಬೇರೂರಿ, 2018ರ ಜನವರಿಯಲ್ಲಿ ಪೆರಂಬೂರು ತನ್ನ ಹಳೆಯ ಮಾದರಿಯ ಕಟ್ಟಕಡೆಯ ಬೋಗಿಯನ್ನು ಹೊರತಂದ ಮೇಲೆ, ಇನ್ನು ಮುಂದೆ ಅದೇ ಸರ್ವತ್ರವೆಂಬುದು ನಿಶ್ಚಿತವಾಯಿತು. ಈ ಬೋಗಿಯ ಶ್ರೇಷ್ಠತೆಯನ್ನು ಮೊದಲು ಸ್ಪಷ್ಟವಾಗಿ ಒಪ್ಪಿಕೊಳ್ಳೋಣ. ಅಪಘಾತದಲ್ಲಿ ಒಂದು ಬೋಗಿಯು ಇನ್ನೊಂದರ ಮೇಲೇರದಂತೆ, ಒಂದರೊಳಗೊಂದು ನುಗ್ಗದಂತೆ ಇದರ ಕೊಂಡಿಯನ್ನು ರಚಿಸಲಾಗಿದೆ, ಬ್ರೇಕು ಚಕ್ರವನ್ನು ಅಮುಕದೆ ಬಿಲ್ಲೆಯನ್ನು ಹಿಡಿಯುವ ಉತ್ತಮ ಜಾತಿಯದು, ಹೆಚ್ಚಿನ ವೇಗವನ್ನು ತಾಳುವುದು, ಸದ್ದು ಕಡಿಮೆ. 2012ರ ಮೇ 22ರ ನಸುಕಿನಲ್ಲಿ ಪೆನುಕೊಂಡದ ಬಳಿ ನಮ್ಮ ಹಂಪಿ ಎಕ್ಸ್‌ಪ್ರೆಸ್ ನಿಂತ ಗೂಡ್ಸ್ ಗಾಡಿಗೆ ಬಡಿದು ಇಪ್ಪತ್ತಕ್ಕೂ ಮೇಲ್ಪಟ್ಟು ಜನ ಪ್ರಾಣಬಿಟ್ಟ ದಾರುಣವನ್ನು ಈ ಮಾರ್ಗದ ಊರುಗಳು ಮರೆತಿಲ್ಲ. ಹುಬ್ಬಳ್ಳಿಯಿಂದ ಹೊರಟು ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳ ಮಕ್ಕಳನ್ನು ಬೆಂಗಳೂರಿನ ಕೆಲಸಕ್ಕೂ ಕಾಲೇಜಿಗೂ ಆಸ್ಪತ್ರೆಗೂ ಒಯ್ಯುವ ಗಾಡಿಯದು. ಬಲವಾದ ಬೋಗಿ ಬೇಕೇ ಬೇಡವೇ ಎಂಬ ಚರ್ಚೆಯು ಅಂದಿನಿಂದ ನಮ್ಮಲ್ಲಿ ಅನಗತ್ಯವಾದುದು.

ಹಾಗಿದ್ದರೆ ಹಳೆಯ ಪ್ರಯಾಣಿಕರು ಏನನ್ನು ಕುರಿತು ಗೊಣಗುತ್ತಾರೆ? ಮೊದಲನೆಯದು ಜಗ್ಗಾಟ. ಹಳೆಯ ತಿರುಪಿನ ಕೊಂಡಿಗೆ ಬದಲಾಗಿ ಬಂದ ನಡುಗೊಂಡಿಯಲ್ಲಿದ್ದ ಸಡಿಲದಿಂದ, ಗಾಡಿ ಹೊರಡುವಾಗಲೂ ನಿಲ್ಲುವಾಗಲೂ ಮಲಗಿದವರು ಬೆಚ್ಚಿ ಏಳುವಂತೆ ಎಳೆತವಾಗುತ್ತಿತ್ತು. ಇದನ್ನು ಹಳಬರ ಕೊಂಕೆಂದು ಮೊದಲಿಗೆ ತಳ್ಳಿಹಾಕಿದವರುಂಟು. ಆದರೆ ಎಂಜಿನಿಯರುಗಳು ಪರೀಕ್ಷಿಸಿ ಕೊಂಡಿಯ ಆಘಾತಶಮನ ಯಂತ್ರವನ್ನೇ ಸುಧಾರಿಸಬೇಕಾಯಿತೆಂಬುದು, ಆ ಕೊಂಕು ಯಥಾರ್ಥವಾದ ಪರಿವೀಕ್ಷಣೆಯಾಗಿತ್ತೆಂಬುದಕ್ಕೆ ಸಾಕ್ಷಿ. ಒಂದೇ ಮಾರ್ಗದಲ್ಲಿ, ಒಂದೇ ವೇಳೆಯಲ್ಲಿ, ಇಪ್ಪತ್ತು ಮೂವತ್ತು ವರ್ಷ ಸಂಚರಿಸಿದವನ ಬೆನ್ನೆಲುಬು ಯಾವ ಉಪಕರಣಕ್ಕೂ ಕಡಿಮೆಯಲ್ಲದ ಮಾಪನ.

ಎರಡನೆಯದು ಸ್ಥಳದ ಲೆಕ್ಕ. ಇದು ಸ್ವಲ್ಪ ನಿಧಾನಿಸಿ ನೋಡಬೇಕಾದ ವಿಷಯ. ಹಳೆಯ ಬೋಗಿಯು ಸುಮಾರು ಇಪ್ಪತ್ತೊಂದು ಮೀಟರ್ ಉದ್ದ, ಹೊಸದು ಇಪ್ಪತ್ತಮೂರು ಮೀಟರಿಗೆ ಮೇಲೆ. ಪ್ಲಾಟ್‌ಫಾರಂ ಮತ್ತು ಪಕ್ಕದ ಹಳಿಗಳ ಉದ್ದವು ಬೆಳೆಯದಿರುವುದರಿಂದ, ಇಪ್ಪತ್ತನಾಲ್ಕು ಹಳೆಯ ಬೋಗಿಗಳ ಗಾಡಿಯು ಹೊಸದರಲ್ಲಿ ಇಪ್ಪತ್ತೆರಡಕ್ಕೆ ಇಳಿಯುತ್ತದೆ. ಹಳೆಯ ಸ್ಲೀಪರ್ ಬೋಗಿಯಲ್ಲಿ 72 ಬರ್ತುಗಳು, ಹೊಸದರಲ್ಲಿ 80. ಹವಾನಿಯಂತ್ರಿತ ಮೂರನೆಯ ಶ್ರೇಣಿಯಲ್ಲಿ 64ಕ್ಕೆ ಬದಲು 72. ಒಂಬತ್ತು ಹಳೆಯ ಸ್ಲೀಪರುಗಳ ಸ್ಥಾನದಲ್ಲಿ ಎಂಟು ಹೊಸವು ಬಂದರೆ 648 ಇದ್ದುದು 640 ಆಗುತ್ತದೆ. ಅಂದರೆ ಬಹುಮಟ್ಟಿಗೆ ಸಮ. ಬೋಗಿಯ ಮಾದರಿ ಬದಲಾದುದರಿಂದಲೇ ಬಡವನ ಸ್ಥಳವು ಕುಗ್ಗಿತೆಂಬುದು ಆದ್ದರಿಂದ ಸರಿಯಲ್ಲ. ಕುಗ್ಗುವುದು ಯಾವಾಗ? ಹೊಸ ಬೋಗಿಗಳು ಬರುವ ಸಂದರ್ಭವನ್ನೇ ಉಪಯೋಗಿಸಿಕೊಂಡು ಸ್ಲೀಪರುಗಳಲ್ಲಿ ಕೆಲವನ್ನು ತೆಗೆದು ಅವುಗಳ ಜಾಗದಲ್ಲಿ ಏಸಿ ಬೋಗಿಗಳನ್ನು ಸೇರಿಸಿದಾಗ; ಜನರಲ್ ಬೋಗಿಗಳು ಗಾಡಿಯ ಎರಡು ತುದಿಗಳಲ್ಲಿ ಒಂದೊಂದಾಗಿ ಉಳಿದಾಗ. 2021ರಲ್ಲಿ ಹೊರಬಂದ 83 ಬರ್ತುಗಳ ‘ಥರ್ಡ್ ಏಸಿ ಎಕಾನಮಿ’ ಬೋಗಿಯು ಮಧ್ಯಮ ವರ್ಗಕ್ಕೆ ಉಪಕಾರವನ್ನು ಮಾಡಿದೆಯೆಂದು ಒಪ್ಪಬಹುದು. ಬೆಂಗಳೂರಿಗೆ ಕೂಲಿಗೆ ಹೋಗತಕ್ಕವನು ಅದರ ದರವನ್ನು ತೆರಲಾರನು. ಈ ಕಾರಣದಿಂದಲೇ 2023ರ ಡಿಸೆಂಬರ್ 30ರಂದು ಏಸಿಯಿಲ್ಲದ ಅಮೃತ್ ಭಾರತ್ ಗಾಡಿಗಳು ಆರಂಭವಾದಾಗ, ಮೊದಲ ಎರಡರಲ್ಲಿ ಒಂದು ಮಾಲ್ಡಾದಿಂದ ನಮ್ಮ ಬೆಂಗಳೂರಿಗೆ ಬಂದಾಗ, ಅದನ್ನು ಮನಃಪೂರ್ವಕವಾಗಿ ಸ್ವಾಗತಿಸಿದವರಲ್ಲಿ ನಾನೂ ಒಬ್ಬ. ಹೊಸತನ್ನು ಸ್ಲೀಪರಿನವನಿಗೂ ಜನರಲ್ಲಿನವನಿಗೂ ಕೊಡಬಹುದೆಂಬುದು ಅದರಿಂದ ಸಿದ್ಧವಾಯಿತು.

ಮೂರನೆಯ ದೂರು ಎಲ್ಲಕ್ಕಿಂತ ಗಂಭೀರ, ಆದರೆ ಬೋಗಿಗೆ ನೇರವಾಗಿ ಸಂಬಂಧಿಸಿದುದಲ್ಲ. ಮಹಾಮಾರಿಯ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮರಳಿ ಬಂದಾಗ ಎಕ್ಸ್‌ಪ್ರೆಸ್ ಸ್ಪೆಷಲ್ ಎಂಬ ಹೆಸರಿನಿಂದ ಬಂದವು. ಅದೇ ಹಳಿ, ಅದೇ ನಿಲ್ದಾಣಗಳು, ಆದರೆ ಕನಿಷ್ಠ ದರವು ಹತ್ತು ರೂಪಾಯಿಯ ಬದಲು ಮೂವತ್ತು. 2024ರ ಫೆಬ್ರವರಿಯ ಕೊನೆಯಲ್ಲಿ ಹಳೆಯ ದರವು ಮರಳುವವರೆಗೆ, ಕುಡಿತಿನಿಯಂಥ ಹತ್ತಿರದ ಊರಿನಿಂದ ಬಳ್ಳಾರಿಗೆ ದಿನವೂ ಬಂದುಹೋಗುವವನು ತನ್ನ ನಿಷ್ಠೆಗೆ ಮೂರು ಪಟ್ಟು ತೆತ್ತನು. 2020ರ ಮಾರ್ಚಿನಲ್ಲಿ ಹಿಂತೆಗೆದುಕೊಂಡ ಹಿರಿಯ ನಾಗರಿಕರ ರಿಯಾಯಿತಿಯದೂ ಇದೇ ಕಥೆ: ಅರುವತ್ತು ತುಂಬಿದ ಪುರುಷರಿಗೆ ಶೇಕಡ 40, ಐವತ್ತೆಂಟು ತುಂಬಿದ ಮಹಿಳೆಯರಿಗೆ ಶೇಕಡ 50 ದೊರೆಯುತ್ತಿದ್ದ ಸೋಡಿಯು ಆಗ ಹೋಯಿತು. ಹಡಗಿನ ಕಂಪನಿಯು, ತನ್ನ ಲಾಭಕ್ಕಾಗಿಯೇ ಆದರೂ, ಹಳೆಯ ಯಾತ್ರಿಕನಿಗೆ ಮೆಟ್ಟಿಲುಗಳನ್ನು ಕಟ್ಟಿಕೊಡುತ್ತದೆ. ಜನರ ಹಣದಿಂದ ಜನರಿಗಾಗಿ ನಡೆಯುವ ಸಂಸ್ಥೆಯು ಬಾಳೆಲ್ಲ ತನ್ನ ಗಾಡಿಯನ್ನೇ ನೆಚ್ಚಿದ ಮುದುಕನಿಗೆ ಇದ್ದ ಒಂದು ಮೆಟ್ಟಿಲನ್ನೂ ಕಿತ್ತುಕೊಂಡುದು ನ್ಯಾಯವಲ್ಲವೆಂದು ನಾನು ದೃಢವಾಗಿ ಹೇಳುತ್ತೇನೆ.

ವಂದೇ ಭಾರತ್ ವಿಚಾರದಲ್ಲಿ ನಮ್ಮ ಊರಿಗೆ ಹೇಳಿಕೊಳ್ಳಲು ಹೆಚ್ಚೇನಿಲ್ಲ. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು-ಧಾರವಾಡದ ಗಾಡಿಯು ದಾವಣಗೆರೆಯ ಮಾರ್ಗವಾಗಿಯೂ, 2024ರ ಮಾರ್ಚಿನಲ್ಲಿ ಆರಂಭವಾದ ಕಲಬುರಗಿ-ಬೆಂಗಳೂರಿನದು ರಾಯಚೂರು, ಗುಂತಕಲ್ಲುಗಳ ಮಾರ್ಗವಾಗಿಯೂ ಹೋಗುವುವು; ಬಳ್ಳಾರಿಯು ಎರಡಕ್ಕೂ ಮಧ್ಯೆ ಉಳಿದಿದೆ. ಹಂಪೆಯ ಕಲ್ಲಿನ ರಥದಿಂದ ಹೆಸರನ್ನು ಪಡೆದು 2008ರಲ್ಲಿ ಹೊರಟ ‘ಗೋಲ್ಡನ್ ಚಾರಿಯಟ್’, ಅಂದರೆ ಹಳಿಯ ಮೇಲಿನ ವಿಹಾರನೌಕೆಯೆಂದೇ ಹೇಳಬಹುದಾದ ಗಾಡಿ, ಮೊದಲ ಪ್ರಯಾಣಪಟ್ಟಿಯಲ್ಲಿ ಹೊಸಪೇಟೆಯನ್ನು ಒಳಗೊಂಡಿತ್ತು. ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ನಮ್ಮ ರಾಜವಂಶಗಳ ಹೆಸರು ಹೊತ್ತ ಅದರ ಬೋಗಿಗಳು ನೋಡಲು ಸುಂದರ. ಅದು ಪ್ರವಾಸಿಯ ಗಾಡಿ, ನಮ್ಮದಲ್ಲ. ಆದ್ದರಿಂದ ಅದರ ಬಗ್ಗೆ ಇಲ್ಲಿಗೇ ಸಾಕು.

ರೈಲುಹಳಿಯಿಲ್ಲದ ಸಿರುಗುಪ್ಪ, ಕುರುಗೋಡುಗಳಿಗೆ ಬಸ್ಸೇ ಗತಿ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರವು 120 ಬಸ್ಸುಗಳಿಂದ ಆರಂಭಿಸಿದ ಸಾರಿಗೆ ಇಲಾಖೆಯು, 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿದ ಮೇಲೆ, ಕ್ರಮೇಣ ನಮ್ಮ ಕಡೆಗೂ ಕೈಚಾಚಿತು. 2000ದ ಅಕ್ಟೋಬರಿನಲ್ಲಿ ಕಲಬುರಗಿಯನ್ನು ಕೇಂದ್ರವಾಗಿಸಿಕೊಂಡು ಬೇರೆಯಾದ ಈಶಾನ್ಯ ನಿಗಮವೇ 2021ರಿಂದ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಹದಿನೈದು ವರ್ಷ ದಾಟಿದ ಸರ್ಕಾರೀ ವಾಹನಗಳು, ಸಾರಿಗೆ ನಿಗಮಗಳ ಬಸ್ಸುಗಳೂ ಸೇರಿ, 2023ರ ಏಪ್ರಿಲ್ 1ರಿಂದ ನೋಂದಣಿಯನ್ನು ಕಳೆದುಕೊಳ್ಳತಕ್ಕವೆಂಬ ಕೇಂದ್ರದ ಆಜ್ಞೆಯು ಬಂದುದರಿಂದ, ಹಳೆಯ ಬಸ್ಸನ್ನು ತೇಪೆಹಾಕಿ ಓಡಿಸುವ ಸಂಪ್ರದಾಯಕ್ಕೆ ಕೊನೆಯಾಯಿತು. ಅದೇ ವರ್ಷ ನಿಗಮವು ಬೆಂಗಳೂರಿನಂಥ ದೂರದ ಊರುಗಳಿಗೆ ‘ಕಲ್ಯಾಣ ರಥ’ವೆಂಬ ಹವಾನಿಯಂತ್ರಿತ ಸ್ಲೀಪರನ್ನೂ, ಮಳಖೇಡದಿಂದ ಆಳಿದ ರಾಷ್ಟ್ರಕೂಟ ನೃಪತಿಯ ಹೆಸರಿನ ‘ಅಮೋಘವರ್ಷ’ವೆಂಬ ಸಾಮಾನ್ಯ ಸ್ಲೀಪರನ್ನೂ ತಂದಿತು. ಅವು ಅಂದವಾದ ಬಸ್ಸುಗಳು. ಖಾಸಗಿ ಬಸ್ಸಿನವರು ಹಬ್ಬದ ದಿನಗಳಲ್ಲಿ ಮನಬಂದ ದರವನ್ನು ಕೇಳುವಾಗ ಅವುಗಳ ಬೆಲೆಯು ತಿಳಿಯುತ್ತದೆ.

ಆದರೆ ನಮ್ಮ ತಾಲ್ಲೂಕುಗಳ ಜೀವನಾಡಿಯು ಕೆಂಪು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆಯು ಬಂದು ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಕೊಟ್ಟಾಗಿನಿಂದ ಆ ಮಾತು ಇನ್ನಷ್ಟು ನಿಜವಾಗಿದೆ. ಏಸಿ, ಸ್ಲೀಪರ್, ರಾಜಹಂಸಗಳಿಗೆ ಆ ಸೌಲಭ್ಯವು ಅನ್ವಯಿಸದು. ಹಾಗಾದುದರಿಂದ, ನಿಗಮವು ನೂರು ಹೊಸ ಬಸ್ಸು ಕೊಂಡಿತೆಂದಾಗ ನಾಟಿಯ ಕಾಲದಲ್ಲಿ ಸಿರುಗುಪ್ಪದ ಗದ್ದೆಗಳಿಗೆ ಹೋಗುವ ಹೆಣ್ಣುಮಗಳು ಕೇಳತಕ್ಕ ಮೊದಲ ಪ್ರಶ್ನೆಯು, ಅವುಗಳಲ್ಲಿ ಕೆಂಪು ಬಸ್ಸು ಎಷ್ಟು ಎಂಬುದೇ. ಮತ್ತೊಂದು ಸಂಗತಿ. ಹಿಂಭಾಗದ ಏಣಿ, ಟಾಪಿನ ಮೇಲೆ ಮೂಟೆ ಕಟ್ಟುವ ಸ್ಥಳ, ಇವು ಈಗಿನ ಹೊಸ ಬಸ್ಸುಗಳಲ್ಲಿ ಅಪರೂಪ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಕುರುಗೋಡಿನ ತರಕಾರಿಯ ಬುಟ್ಟಿಯೂ, ಬಳ್ಳಾರಿಯ ಜೀನ್ಸ್ ಘಟಕದಿಂದ ಮನೆಯ ಹೊಲಿಗೆಗೆ ಒಯ್ಯುವ ಬಟ್ಟೆಯ ಗಂಟೂ ಹೋಗಬೇಕಾದ ಜಾಗವು ಈಗ ಕಾಲುಗಳ ನಡುವೆ. ಹೊಸ ಬಸ್ಸಿನ ನಕ್ಷೆಯನ್ನು ಬರೆದವನು ನಗರದ ಪ್ರಯಾಣಿಕನನ್ನು ಕಣ್ಣಮುಂದಿರಿಸಿಕೊಂಡು ಬರೆದನೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಬಸ್ ನಿಲ್ದಾಣದಲ್ಲಿ ಹೊಸ ಬಸ್ಸನ್ನು ಸುತ್ತುಗಟ್ಟಿ ನೋಡುತ್ತಿದ್ದ ಹುಡುಗರು ಅದರ ಚೆಲುವನ್ನು ವರ್ಣಿಸುತ್ತಿದ್ದಾಗ, ಹಳ್ಳಿಯ ಹಿರಿಯ ಹೆಂಗಸೊಬ್ಬರು ಕಂಡಕ್ಟರನ್ನು ಕೇಳಿದ ಮಾತನ್ನು ಇಲ್ಲಿ ಬರೆಯದಿರಲಾರೆ: “ಬಸ್ ಹೊಸದು ಬಂದ್ರೆ ಬರಲಿ ಬಿಡು ಯಪ್ಪಾ, ನಮ್ಮೂರಾಗ ನಿಂದ್ರತೈತೋ ಇಲ್ಲೋ ಅದನ್ನ ಹೇಳು.” ನಾನು ಈ ವಿಷಯವನ್ನು ಕುರಿತು ಓದಿದ ಪುಟಗಳಲ್ಲೆಲ್ಲ ಇಷ್ಟು ಸ್ಪಷ್ಟವಾಗಿ ತತ್ತ್ವವನ್ನು ಹೇಳಿದುದನ್ನು ಕಾಣಲಿಲ್ಲ. ವಿಹಾರನೌಕೆಯ ಯಾತ್ರಿಕನ ನಿಷ್ಠೆಯು ಹಡಗಿಗೆ. ಅವನಿಗೆ ಮರದ ಗೋಡೆ, ಮೊಗಸಾಲೆ, ಪರಿಚಿತ ಊಟದ ಮೇಜುಗಳೇ ಪ್ರಯಾಣದ ಸರ್ವಸ್ವ, ಬೇಡವೆನಿಸಿದರೆ ಬೇರೆ ಕಂಪನಿಯನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವೂ ಅವನಿಗುಂಟು. ನಮ್ಮ ಪ್ರಯಾಣಿಕನ ನಿಷ್ಠೆಯು ವೇಳೆಗೆ, ನಿಲುಗಡೆಗೆ, ತೆರಬಲ್ಲ ದರಕ್ಕೆ, ಕಾಲಿಡುವಷ್ಟು ಜಾಗಕ್ಕೆ. ಅವನಿಗೆ ಆಯ್ಕೆಯಿಲ್ಲ, ಆದುದರಿಂದಲೇ ಅವನ ಮಾತಿಗೆ ಹೆಚ್ಚಿನ ತೂಕ. ನೆನಪಿನ ಮೃದುತ್ವದಿಂದ ಹುಟ್ಟಿದ ಆಕ್ಷೇಪಗಳನ್ನು ಕಾಲವೇ ಸಮಾಧಾನಪಡಿಸುತ್ತದೆ. ನೀಲಿ ಬೋಗಿಯನ್ನು ನೆನೆದು ನಿಟ್ಟುಸಿರಿಡುವ ನಮ್ಮಂಥವರ ಮೊಮ್ಮಕ್ಕಳು ಕೆಂಪು ಎಲ್‌ಎಚ್‌ಬಿಯನ್ನು ನೆನೆದು ಅದೇ ನಿಟ್ಟುಸಿರನ್ನಿಡುವರು. ಆದರೆ ನಿಲುಗಡೆ ತಪ್ಪಿದ ಊರಿಗೂ, ಜನರಲ್ ಬೋಗಿಯ ಬಾಗಿಲಲ್ಲಿ ಜೋತು ಬೆಂಗಳೂರಿಗೆ ಹೋಗುವ ಕೂಲಿಗೂ ಕಾಲವು ಯಾವ ಸಮಾಧಾನವನ್ನೂ ತಂದುಕೊಡದು. ಈ ಎರಡು ಬಗೆಯ ಆಕ್ಷೇಪಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಿ, ಹಳಬರು ಹೊಸತನ್ನು ಯಾವಾಗಲೂ ವಿರೋಧಿಸುತ್ತಾರೆಂದು ಹೇಳಿ ಕಡತವನ್ನು ಮುಚ್ಚುವುದು ಆಡಳಿತಕ್ಕೆ ಸುಲಭ, ಅದು ವಿವೇಕವಲ್ಲ.

ರೈಲ್ವೆಯ ಪ್ರತಿ ವಿಭಾಗಕ್ಕೂ ಬಳಕೆದಾರರ ಸಲಹಾ ಸಮಿತಿಯೆಂಬುದೊಂದು ಇದೆ; ನಮ್ಮದು ಹುಬ್ಬಳ್ಳಿ ವಿಭಾಗಕ್ಕೆ ಸೇರಿದುದು. ಸಾರಿಗೆ ನಿಗಮದ ವಿಭಾಗೀಯ ಕಚೇರಿಯು ಬಳ್ಳಾರಿಯಲ್ಲಿಯೇ ಇದೆ. ಒಂದು ಗಾಡಿಯ ಬೋಗಿಗಳನ್ನು, ಒಂದು ಮಾರ್ಗದ ಬಸ್ಸುಗಳನ್ನು ಬದಲಾಯಿಸುವ ಮುನ್ನ, ಪ್ರತಿಯೊಂದು ದರ್ಜೆಯಲ್ಲಿ ಹಿಂದೆ ಎಷ್ಟು ಸ್ಥಳವಿತ್ತು, ಮುಂದೆ ಎಷ್ಟಿರುತ್ತದೆ, ಯಾವ ನಿಲುಗಡೆ ಉಳಿಯುತ್ತದೆ, ಯಾವುದು ಹೋಗುತ್ತದೆ, ಎಂಬುದನ್ನು ನಿಲ್ದಾಣದ ಫಲಕದ ಮೇಲೆ ಕನ್ನಡದಲ್ಲಿ ಪ್ರಕಟಿಸಿ, ಒಂದು ತಿಂಗಳ ಕಾಲ ಜನರ ಅಭಿಪ್ರಾಯಕ್ಕೆ ಕಾಯುವುದರಿಂದ ಯಾವ ಸಂಸ್ಥೆಗೂ ನಷ್ಟವಾಗದು. ಈ ಮಾತನ್ನು ಒಬ್ಬಿಬ್ಬರು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಕಂಟೋನ್ಮೆಂಟಿನ ದಿನಪಾಸಿನವರು, ಸಿರುಗುಪ್ಪ-ಕುರುಗೋಡುಗಳ ಮಾರ್ಗದ ಪ್ರಯಾಣಿಕರು, ಹಂಪಿ ಎಕ್ಸ್‌ಪ್ರೆಸ್ಸಿನ ಹಳಬರು, ಓದುಗರಲ್ಲಿ ಯಾರು ಯಾರು ಈ ಗುಂಪಿಗೆ ಸೇರಿದವರೋ ಅವರೆಲ್ಲರೂ ಒಟ್ಟಾಗಿ ಸಹಿಮಾಡಿ, ಹುಬ್ಬಳ್ಳಿಯ ಸಮಿತಿಗೂ ಬಳ್ಳಾರಿಯ ವಿಭಾಗೀಯ ಕಚೇರಿಗೂ ಲಿಖಿತವಾಗಿ ಬರೆದುಕೊಡಬೇಕೆಂದು ಪ್ರಾರ್ಥಿಸುತ್ತೇನೆ.